ಅರ್ಧಕ್ಕಿಂತ ಮೇಲೆ ನಿಂತ ಮುಳ್ಳು

ನನ್ನ ಮೈದುನನನ್ನು ಬೀದಿಯವರೆಲ್ಲ ಕೋಲಣ್ಣ ಎಂದು ಕರೆಯುತ್ತಿದ್ದರು. ಅವನೇನೂ ಕೋಲು ಹಿಡಿದು ಯಾರ ಮೇಲೂ ಹೋದವನಲ್ಲ. ಒಂದು ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಆ ಕಾರಿನ ಪೆಟ್ರೋಲ್ ಮುಳ್ಳು ಅವನ ಕೈಗೆ ಬಂದ ದಿನದಿಂದಲೇ ತಲೆ ಕೆಟ್ಟವರ ಹಾಗೆ ಆಡುತ್ತಿತ್ತು. ತಿರುವಿನಲ್ಲಿ ಟ್ಯಾಂಕು ತುಂಬಿದೆ ಎನ್ನುವುದು, ಗುಂಡಿ ಇಳಿದರೆ ಖಾಲಿ ಎನ್ನುವುದು, ನಿಲ್ಲಿಸಿ ಮತ್ತೆ ಹೊರಟರೆ ಮೂರನೆಯದೇ ಒಂದು ಮಾತಾಡುವುದು. ಅದಕ್ಕೆ ಅವನು ಸೀಟಿನ ಕೆಳಗೆ ಬಳುಕುವ ಸಣ್ಣ ಬೆತ್ತವೊಂದನ್ನು ಇಟ್ಟುಕೊಂಡಿದ್ದ. ಬೆಳಿಗ್ಗೆ ಕಾರು ಒರೆಸಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಬೆತ್ತ ಇಳಿಬಿಟ್ಟು, ಮೇಲೆತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಎದುರು ಮನೆಯ ಟೇಲರ್ ತನ್ನ ಮಿಷನ್ನಿನ ಮುಂದೆ ಕೂತುಕೊಂಡೇ, ಇವತ್ತು ಜ್ವರ ಎಷ್ಟಿದೆಯಪ್ಪಾ ಎಂದು ಕೇಳುತ್ತಿದ್ದ. ಜ್ವರ ಇಳಿದಿದೆ, ಊಟ ಕೇಳುತ್ತಿದೆ ಎಂದು ಇವನು ಹೇಳುತ್ತಿದ್ದ. ಇದು ಅವರಿಬ್ಬರ ದಿನದ ಮಾತು. ಕೇಳಿ ಕೇಳಿ ನಮಗೆ ನಗು ಬರುತ್ತಿರಲಿಲ್ಲ, ಆದರೆ ಒಂದು ದಿನ ಕೇಳದಿದ್ದರೆ ಏನೋ ತಪ್ಪಿದ ಹಾಗಾಗುತ್ತಿತ್ತು.

ನಾನು ಮದುವೆಯಾಗಿ ಬಂದಾಗ ಅವನು ಮೂಗು ಸೋರುವ ಹುಡುಗ. ತಾಯಿ ಇರಲಿಲ್ಲ. ತಲೆಗೆ ಎಣ್ಣೆ ಹಚ್ಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ನಾನೇ. ನಮ್ಮ ಯಜಮಾನರದು ಮರಗೆಲಸ, ಬಾಗಿಲು ಕಿಟಕಿ ಮಾಡುವುದು. ತಮ್ಮನನ್ನೂ ಅದಕ್ಕೇ ಹಚ್ಚಿದರು. ಅವನು ಅಳತೆ ಹಾಕಿದ ಹಲಗೆ ಯಾವ ಚೌಕಟ್ಟಿಗೂ ಕೂರುತ್ತಿರಲಿಲ್ಲ. ನಿನ್ನ ಕೈಗೆ ಗರಗಸ ಕೊಟ್ಟರೆ ಮರಕ್ಕೆ ಅಳು ಬರುತ್ತದೆ ಮಾರಾಯ ಎಂದು ಇವರು ಒಂದು ದಿನ ಬೇಸತ್ತು ಬಿಟ್ಟುಬಿಟ್ಟರು. ಆಮೇಲೆ ಲಾರಿ ತೊಳೆಯುವುದಕ್ಕೆ ಹೋದ, ತೊಳೆಯುತ್ತ ತೊಳೆಯುತ್ತ ಓಡಿಸುವುದನ್ನೂ ಕಲಿತ. ಮದುವೆಯೂ ಆಯಿತು. ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಹೋದಳು, ಮಗುವೂ ಉಳಿಯಲಿಲ್ಲ. ಮತ್ತೊಂದು ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದ, ನಮ್ಮ ಜೊತೆಯೇ ಊಟ. ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಮಾತ್ರ ಅವನ ಮುಖ ಬೇರೆಯೇ ಆಗುತ್ತಿತ್ತು. ಎಷ್ಟೇ ಅವಸರವಿದ್ದರೂ ಮೊದಲು ಬೆತ್ತ ಇಳಿಸಿ ನೋಡಿಯೇ ಹೊರಡುತ್ತಿದ್ದ. ಬೀದಿಯ ಎಷ್ಟೋ ಮಕ್ಕಳು ಹುಟ್ಟುವ ಮುಂಚೆ ಆ ಕಾರಿನಲ್ಲಿ ಕೂತಿದ್ದವು.

ನನಗಿರುವುದು ಒಬ್ಬನೇ ಮಗ. ಅವನು ನಡೆಯುವುದಕ್ಕಿಂತ ಮುಂಚೆ ಚಿಕ್ಕಪ್ಪನ ತೊಡೆಯ ಮೇಲೆ ಕೂತು ಸ್ಟೇರಿಂಗ್ ತಿರುಗಿಸಿದವನು. ಮೈದುನ ಅವನನ್ನು ಮರಿ ಎಂದು ಕರೆಯುತ್ತಿದ್ದ. ಮೀಸೆ ಬಂದ ಮೇಲೂ ಮರಿಯೇ. ಮರಿ ಶಾಲೆ ಬಿಟ್ಟ ಮೇಲೆ ಗಾಡಿಗಳ ಕರೆಂಟಿನ ಕೆಲಸ ಕಲಿತ. ದೀಪ, ಹಾರ್ನು, ಬ್ಯಾಟರಿ, ಇಂಥವು. ಬೀದಿಯ ಕೊನೆಯಲ್ಲಿ ತಗಡು ಹೊದಿಸಿ ಸ್ವಂತ ಅಂಗಡಿ ಹಾಕಿದ. ಹೊಸ ಅಂಗಡಿಗೆ ಯಾರು ಬರುತ್ತಾರೆ? ಅವನು ದಿನವಿಡೀ ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಆಗ ಮೈದುನ ತನ್ನ ಕಾರು ತಂದು ನಿಲ್ಲಿಸಿ, ಈ ಮುಳ್ಳಿನ ಹುಚ್ಚು ಬಿಡಿಸು ನೋಡೋಣ ಎಂದ.

ಆ ಮುಳ್ಳು ಹೇಗೆ ಕೆಲಸ ಮಾಡುತ್ತದೆ ಎಂದು ಮಗನೇ ನನಗೆ ಬಿಡಿಸಿ ಹೇಳಿದ್ದ. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ಒಂದು ಬುರುಡೆ ತೇಲುತ್ತಿರುತ್ತದೆ. ಅದಕ್ಕೊಂದು ಕಡ್ಡಿ. ಬುರುಡೆ ಇಳಿದ ಹಾಗೆ ಕಡ್ಡಿಯ ತುದಿಯ ತಗಡಿನ ನಾಲಿಗೆ, ಕೂದಲಿನಂಥ ತಂತಿ ಸುತ್ತಿದ ಒಂದು ಪಟ್ಟಿಯ ಮೇಲೆ ಉಜ್ಜಿಕೊಂಡು ಸರಿಯುತ್ತದೆ. ನಾಲಿಗೆ ಎಲ್ಲಿ ತಾಗಿದೆಯೋ ಅದರ ಮೇಲೆ ಮುಂದಿನ ಮುಳ್ಳು ಏರುತ್ತದೆ, ಇಳಿಯುತ್ತದೆ. ನಾಲಿಗೆ ಸಡಿಲವಾದರೆ ತಾಗಿಯೂ ತಾಗದ ಹಾಗೆ ಇರುತ್ತದೆ, ಮುಳ್ಳು ಕುಣಿಯುತ್ತದೆ. ಅಷ್ಟು ಹಳೆಯ ಗಾಡಿಗೆ ಹೊಸ ಸಾಮಾನು ಸಿಗಲಿಲ್ಲ. ಮಗ ಪಟ್ಟಿ ಒರೆಸಿ, ನಾಲಿಗೆಯನ್ನು ಇಕ್ಕಳದಲ್ಲಿ ಹಿಡಿದು ಒಳಕ್ಕೆ ಬಗ್ಗಿಸಿ, ಗಟ್ಟಿಯಾಗಿ ಒತ್ತುವ ಹಾಗೆ ಮಾಡಿದ. ಮುಳ್ಳು ನೆಟ್ಟಗೆ ನಿಂತಿತು.

ಆ ಸಂಜೆ ಮೈದುನನ ಸಂಭ್ರಮ ನೋಡಬೇಕಿತ್ತು. ಟೇಲರನನ್ನು ಕೂರಿಸಿಕೊಂಡು, ಅವನ ಹೆಂಡತಿಯನ್ನು ಕೂರಿಸಿಕೊಂಡು, ಬೇಡವೆಂದರೂ ಕೇಳದೆ ನನ್ನನ್ನೂ ಕೂರಿಸಿಕೊಂಡು ಸುತ್ತು ಹಾಕಿದ. ಅಲ್ಲಾಡುತ್ತದಾ ನೋಡಿ, ಅಲ್ಲಾಡುತ್ತದಾ ನೋಡಿ ಎಂದು ಎಲ್ಲರಿಗೂ ಮುಳ್ಳು ತೋರಿಸುವುದೇ ಆಯಿತು. ಮಾರನೆಯ ಬೆಳಿಗ್ಗೆ ಬೆತ್ತ ತಂದು ನನ್ನ ಕೈಗೆ ಕೊಟ್ಟ. ಬಟ್ಟೆ ಒಣಹಾಕುವುದಕ್ಕೆ ಇಟ್ಟುಕೊಳ್ಳಿ ಎಂದ. ಗಾಡಿಯಲ್ಲೇ ಇರಲಿ, ಅದೇನು ನಿನ್ನನ್ನು ಊಟ ಕೇಳುತ್ತದಾ ಎಂದೆ.

ಅವನು ಬಾಗಿಲ ಕಡೆ ನೋಡಿ ಸಣ್ಣ ದನಿಯಲ್ಲಿ ಹೇಳಿದ: "ಹಾಗಲ್ಲ ಅತ್ತಿಗೆ. ಮರಿ ಮಾಡಿದ ಕೆಲಸಕ್ಕೆ ನಾನೇ ಕೋಲು ಹಾಕಿ ನೋಡ್ತಿದ್ರೆ, ಬೀದಿಯವರು ಏನಂದ್ಕೋತಾರೆ? ಚಿಕ್ಕಪ್ಪನಿಗೇ ನಂಬಿಕೆ ಇಲ್ಲ, ನಾವ್ಯಾಕೆ ಹೋಗಬೇಕು ಅನ್ನಲ್ವಾ?"

ನನಗೂ ಅದು ಸರಿ ಎನಿಸಿತು. ಟೇಲರ್ ಮಾರನೆಯ ದಿನವೂ ಜ್ವರ ಕೇಳಿದ. ಮೈದುನ ಎದೆಯುಬ್ಬಿಸಿ, ನಮ್ಮ ಮನೆಯಲ್ಲೇ ಡಾಕ್ಟರ್ ಇದ್ದಾನೆ, ಇನ್ನು ಜ್ವರ ನೋಡುವ ಕೆಲಸ ನನ್ನದಲ್ಲ ಎಂದ. ಕೋಲು ಬಿಟ್ಟರೂ ಕೋಲಣ್ಣ ಎಂಬ ಹೆಸರು ಹೋಗಲಿಲ್ಲ. ಅಂಗಡಿಗೆ ಒಂದೊಂದೇ ಗಾಡಿ ಬರತೊಡಗಿತು.

ಯಜಮಾನರು ಹೋದದ್ದು ಒಂದು ಮಧ್ಯಾಹ್ನ. ಊಟ ಮಾಡಿ ಒರಗಿದವರು ಬೆನ್ನು ಸೆಳೆಯುತ್ತಿದೆ ಎಂದರು. ಉಜ್ಜಲು ಹೋದೆ, ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿಕೊಂಡಿತ್ತು. ಮೈದುನ ಮನೆಯಲ್ಲೇ ಇದ್ದ. ಮಗ ಅಂಗಡಿಗೆ ಸಾಮಾನು ತರಲು ಬೇರೆ ಊರಿಗೆ ಹೋಗಿದ್ದ. ಟೇಲರೂ ಮೈದುನನೂ ಇವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ನನ್ನ ತೊಡೆಯ ಮೇಲೆ. ಕಾರು ಚೆನ್ನಾಗಿಯೇ ಹೊರಟಿತು. ಗಿರಣಿ ದಾಟಿ, ಸೇತುವೆಯ ಏರು ಹತ್ತುವಾಗ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತುಬಿಟ್ಟಿತು.

ಮೈದುನ ಕೀ ತಿರುಗಿಸಿದ, ತಿರುಗಿಸಿದ. ಮುಳ್ಳಿನ ಗಾಜಿನ ಮೇಲೆ ಬೆರಳಿನಿಂದ ತಟ್ಟಿ, ಪೆಟ್ರೋಲ್ ಇದೆಯಲ್ಲಾ ಎಂದು ತನಗೆ ತಾನೇ ಹೇಳಿಕೊಂಡ. ಅದನ್ನು ನಾನು ಕಿವಿಯಾರೆ ಕೇಳಿದೆ. ಆದರೆ ಮುಳ್ಳನ್ನು ನೋಡಲಿಲ್ಲ. ನನ್ನ ಕಣ್ಣು ಇವರ ಮುಖದ ಮೇಲಿತ್ತು. ಪೆಟ್ರೋಲ್ ಇದೆ ಎಂದಾದ ಮೇಲೆ ಅವನು ಇಂಜಿನ್ನಿನಲ್ಲಿ ಏನೋ ಆಗಿದೆ ಎಂದುಕೊಂಡ. ಬಾನೆಟ್ ಎತ್ತಿ ಒಂದೊಂದೇ ವೈರು ಕಿತ್ತು ಒರೆಸಿ ಹಾಕಿದ. ಏನೇನೋ ಬಿಚ್ಚಿ ಬಾಯಿಂದ ಊದಿದ. ಬಿಸಿ ಕಬ್ಬಿಣ ಮುಟ್ಟಿ ಕೈ ಸುಟ್ಟುಕೊಂಡ, ಸುಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ. ನಡುನಡುವೆ ಬಂದು ಅಣ್ಣನ ಪಾದ ಮುಟ್ಟಿ, ಈಗ ಆಯಿತು ಅಣ್ಣಾ, ಈಗ ಆಯಿತು ಎನ್ನುತ್ತಿದ್ದ. ಇವರು ನನ್ನ ಬೆರಳು ಹಿಡಿದುಕೊಂಡಿದ್ದರು. ಹಿಡಿತ ಸಡಿಲವಾಯಿತು. ಮೈದುನ ರಸ್ತೆಯ ನಡುವೆ ಕೈ ಚಾಚಿ ನಿಂತು ಒಂದು ಹಾಲಿನ ವ್ಯಾನು ತಡೆದ. ಕ್ಯಾನುಗಳ ನಡುವೆ ಇವರನ್ನು ಮಲಗಿಸಿ ಆಸ್ಪತ್ರೆ ಮುಟ್ಟಿಸಿದೆವು. ಡಾಕ್ಟರು ರೆಪ್ಪೆ ಬಿಡಿಸಿ ನೋಡಿ, ಸ್ವಲ್ಪ ಬೇಗ ತಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು. ಅವರು ಎಲ್ಲರಿಗೂ ಹಾಗೇ ಹೇಳುತ್ತಾರೋ, ನಿಜವಾಗಿಯೂ ಹಾಗಿತ್ತೋ, ನನಗೆ ಇಂದಿಗೂ ತಿಳಿಯದು.

ಕಾರು ಸೇತುವೆಯ ಮೇಲೇ ಇತ್ತು. ಬಾಡಿಗೆ ಕಾರುಗಳ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್ ಅದನ್ನು ತರಲು ಹೋದ. ಏನೂ ಬಿಚ್ಚಲಿಲ್ಲ, ಒಂದು ಡಬ್ಬ ಪೆಟ್ರೋಲ್ ಸುರಿದು ಕೀ ತಿರುಗಿಸಿದ. ಮೊದಲ ಸಲಕ್ಕೇ ಇಂಜಿನ್ ಗುರ್ ಎಂದಿತು. ಈ ಸುದ್ದಿ ನಾವು ಹೆಣ ತೆಗೆದುಕೊಂಡು ಮನೆಗೆ ಬರುವ ಮುಂಚೆಯೇ ಬೀದಿಗೆ ಬಂದಿತ್ತು.

ಮಗ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಅಂಗಳದ ತುಂಬ ಜನ. ಅಪ್ಪನ ಮುಖ ನೋಡಿದ, ನೆಟ್ಟಗೆ ಕಾರಿನ ಹತ್ತಿರ ಹೋದ. ಬರುವ ದಾರಿಯಲ್ಲಿ ಆ ಡ್ರೈವರ್ ಪಂಪಿನಲ್ಲಿ ಅರ್ಧ ಟ್ಯಾಂಕ್ ಹಾಕಿಸಿದ್ದ. ಮಗ ಕೀ ತಿರುಗಿಸಿದ. ಮುಳ್ಳು ಅರ್ಧಕ್ಕೆ ಬಂದು ನಿಂತಿತು, ಕದಲಲಿಲ್ಲ. ಅವನು ಇಳಿದು ಬಂದು ಎಲ್ಲರ ನಡುವೆ ನಿಂತು ಕೇಳಿದ: "ಚಿಕ್ಕಪ್ಪ, ಟ್ಯಾಂಕಲ್ಲಿ ಪೆಟ್ರೋಲ್ ಇತ್ತಾ?"

"ಮುಳ್ಳು ಅರ್ಧಕ್ಕಿಂತ ಮೇಲಿತ್ತು ಮರಿ."

"ಆ ಮುಳ್ಳು ನಾನು ರಿಪೇರಿ ಮಾಡಿದ್ದು. ಅದು ಸುಳ್ಳು ಹೇಳಲ್ಲ. ಸುಳ್ಳು ಹೇಳ್ತಿರೋದು ನೀನು."

ನನ್ನ ನಾದಿನಿ, ಎಂದರೆ ಇವರ ಅಕ್ಕ, ಉರಿಯುವ ಬೆಂಕಿಗೆ ಇನ್ನಷ್ಟು ಸುರಿದಳು. ಇವನು ಯಾವತ್ತು ಟ್ಯಾಂಕ್ ತುಂಬಿಸಿದ್ದಾನೆ, ಆ ದಿನದ ಬಾಡಿಗೆಗೆ ಬೇಕಾದಷ್ಟೇ ತೊಟ್ಟು ಹಾಕಿಸುವ ಜಿಪುಣ, ಇವನ ಜಿಪುಣತನಕ್ಕೆ ನನ್ನ ತಮ್ಮ ಹೋದ ಎಂದಳು. ಅವನು ಸ್ವಲ್ಪಸ್ವಲ್ಪವೇ ಹಾಕಿಸುತ್ತಿದ್ದುದು ಸುಳ್ಳಲ್ಲ. ಸ್ಟ್ಯಾಂಡಿನವರೆಲ್ಲ ಮಾಡುವುದೇ ಅದು. ಆದರೆ ಆ ಹೊತ್ತಿನಲ್ಲಿ ಅದು ಕೊಲೆಯ ಸಾಕ್ಷಿಯ ಹಾಗೆ ಕೇಳಿಸಿತು. ಎಲ್ಲರೂ ನನ್ನ ಕಡೆ ತಿರುಗಿದರು. ನೀನು ಕಾರಿನಲ್ಲೇ ಇದ್ದೆಯಲ್ಲ, ಮುಳ್ಳು ನೋಡಿದೆಯಾ? ನೋಡಲಿಲ್ಲ ಎಂದೆ. ನೋಡದೇ ಇದ್ದದ್ದನ್ನು ನೋಡಿದೆ ಎಂದು ಹೇಗೆ ಹೇಳಲಿ?

ಅಂದಿನಿಂದ ಒಂದೇ ಮನೆಯಲ್ಲಿ ಎರಡು ಮನೆಯಾಯಿತು. ಮಗ ಚಿಕ್ಕಪ್ಪನಿಗೆ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟ. ಅವನು ಕೂತಲ್ಲಿ ಇವನು ಕೂರುತ್ತಿರಲಿಲ್ಲ. ಮೈದುನ ತನ್ನ ತಟ್ಟೆ ತಾನೇ ಹಾಕಿಕೊಂಡು ಮುಂದಿನ ಕೋಣೆಗೆ ಹೋಗುತ್ತಿದ್ದ. ಅನ್ನ ನುಂಗುವ ಸದ್ದು ಕೂಡ ಮಾಡದ ಹಾಗೆ ಉಣ್ಣುತ್ತಿದ್ದ. ಬಾಡಿಗೆ ನಿಂತುಹೋಯಿತು. ಟೇಲರನ ಮಗಳಿಗೆ ಹೆರಿಗೆ ನೋವು ಬಂದಾಗ, ಎದುರಿಗೇ ನಿಂತಿದ್ದ ಈ ಕಾರನ್ನು ದಾಟಿಕೊಂಡು ಹೋಗಿ ಬೇರೆ ಬೀದಿಯಿಂದ ಕಾರು ತರಿಸಿದರು. ಮೈದುನ ಆಗ ಬಟ್ಟೆ ಹಿಡಿದು ಕಾರಿನ ಬಾಗಿಲು ಒರೆಸುತ್ತಿದ್ದ. ಅವರು ಹೋದ ಮೇಲೂ ಬಹಳ ಹೊತ್ತು ಅದೇ ಜಾಗ ಒರೆಸುತ್ತಿದ್ದ. ಬೆಳಗಿನ ಜ್ವರದ ಮಾತೂ ನಿಂತಿತು.

ಒಂದು ದಿನ ನಾನೇ ಹತ್ತಿರ ಕೂತು ಕೇಳಿದೆ, ನನಗಾದರೂ ಹೇಳು, ಮುಳ್ಳು ಎಲ್ಲಿತ್ತು ಎಂದು. ಎಷ್ಟು ಸಲ ಹೇಳಿದರೂ ಅಷ್ಟೇ ಅತ್ತಿಗೆ, ಅರ್ಧಕ್ಕಿಂತ ಮೇಲೆ ಎಂದ. ಆಮೇಲೆ, ಈಚೀಚೆಗೆ ನನಗೇ ಅನುಮಾನ ಬರುತ್ತಿದೆ, ಗಾಬರಿಯಲ್ಲಿ ಏನು ನೋಡಿದೆನೋ, ನೋಡಿದೆ ಎಂದುಕೊಂಡೆನೋ ಎಂದ. ಆ ಮಾತು ಕೇಳಿ ನನಗೆ ಭಯವಾಯಿತು. ಊರೆಲ್ಲ ಹೇಳಿದ್ದನ್ನು ಅವನೂ ನಂಬತೊಡಗಿದ್ದ.

ಸಾವಾದ ಮೇಲೆ ಅವನು ಟ್ಯಾಂಕನ್ನು ಬಾಯಿಯವರೆಗೆ ತುಂಬಿಸಿದ್ದ. ಬಾಡಿಗೆ ಇಲ್ಲದ ಗಾಡಿ, ಕುಡಿಯುವುದಾದರೂ ಎಷ್ಟು? ತಿಂಗಳುಗಳು ಹೋದವು. ತುಂಬಿದ್ದು ಸ್ವಲ್ಪಸ್ವಲ್ಪವೇ ಇಳಿಯಿತು. ಯಾರೋ ಕಾರು ಕೊಳ್ಳಲು ಬಂದರು. ಅವರಿಗೆ ಓಡಿಸಿ ತೋರಿಸಲು ಹೋದವನು ಅರ್ಧ ದಾರಿಗೇ ತಿರುಗಿಸಿಕೊಂಡು ಬಂದ. ನೆಟ್ಟಗೆ ಮಗನ ಅಂಗಡಿಯ ಮುಂದೆ ನಿಲ್ಲಿಸಿದ. ನಾನು ಮಗನಿಗೆ ಊಟ ತೆಗೆದುಕೊಂಡು ಹೋಗಿ ಹಳೆಯ ಬ್ಯಾಟರಿ ಡಬ್ಬದ ಮೇಲೆ ಕೂತಿದ್ದೆ. ಆ ಅಂಗಡಿಗೆ ಅವನು ಕಾಲಿಟ್ಟು ಅಷ್ಟು ತಿಂಗಳಾಗಿತ್ತು.

ಮೈದುನ ಒಳಗೆ ಬರಲಿಲ್ಲ. ರಸ್ತೆಯಲ್ಲೇ ನಿಂತು ಹೇಳಿದ: "ಮುಳ್ಳು ಮತ್ತೆ ಹಾರ್ತಿದೆ. ಕೆಳಗಿತ್ತು, ಈಗ ಮೇಲೆ ಹೋಗಿ ನಿಂತಿದೆ. ನನಗೋಸ್ಕರ ನೋಡು ಅಂತಿಲ್ಲ. ನಾಳೆ ಇನ್ನೊಬ್ಬರ ಕೈಗೆ ಹೋಗೋ ಗಾಡಿ, ಅವರ ಮನೇಲೂ ಜನ ಇರ್ತಾರೆ."

ಮಗ ಕೈಯಲ್ಲಿದ್ದ ಕೆಲಸ ಮುಗಿಸಿದ. ಆಮೇಲೆ ಎದ್ದು ಹೋಗಿ ಕಾರಿನೊಳಗೆ ತಲೆ ಹಾಕಿದ. ಕೀ ತಿರುಗಿಸಿ ಮುಳ್ಳನ್ನೇ ನೋಡುತ್ತ ನಿಂತ. ಕಾರಿನ ಹಿಂಬದಿಯನ್ನು ಕೈಯಿಂದ ಒತ್ತಿ ಅಲ್ಲಾಡಿಸು ಎಂದು ಸನ್ನೆ ಮಾಡಿದ. ಮೈದುನ ಅಲ್ಲಾಡಿಸಿದ. ಮುಳ್ಳು ಕುಣಿಯಿತೋ ಏನೋ, ಮಗನ ಮುಖ ಸ್ವಲ್ಪ ಬಿಗಿಯಾದದ್ದು ನನಗೆ ಕಂಡಿತು. ಮುಳ್ಳಿನ ಹಿಂದಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದ, ಎಲ್ಲ ಬಿಗಿಯಾಗಿದ್ದವು. ಇನ್ನು ಉಳಿದದ್ದು ಟ್ಯಾಂಕಿನ ಕಡೆ. ಬುರುಡೆ, ಕಡ್ಡಿ ಹೊರತೆಗೆಯುವ ಮುಚ್ಚಳ ಇರುವುದು ಹಿಂದಿನ ಸೀಟಿನ ಕೆಳಗೆ.

ಆ ಸೀಟು ಎತ್ತಬೇಕಿತ್ತು. ಇಬ್ಬರೂ ಒಂದು ಕ್ಷಣ ಅದನ್ನೇ ನೋಡಿದರು. ಇವರು ಮಲಗಿದ್ದ ಕಡೆ ಬೆವರಿನದೋ ಏನೋ ಒಂದು ಕಲೆ ಉಳಿದಿತ್ತು, ಎಷ್ಟು ತೊಳೆದರೂ ಹೋಗಿರಲಿಲ್ಲ. ಮಗ ಹಲ್ಲು ಕಚ್ಚಿಕೊಂಡು ಸೀಟು ಎಳೆದು ಹೊರಗಿಟ್ಟ. ನನ್ನ ಪಕ್ಕದಲ್ಲೇ ಇಟ್ಟ. ನಾನು ಅದರ ಮೇಲೆ ಕೈಯಿಟ್ಟುಕೊಂಡು ಕೂತೆ.

ಮುಳ್ಳು ನೋಡುವುದಕ್ಕೆ ಮುಂದೆ ಒಬ್ಬರು ಬೇಕಲ್ಲ, ಮೈದುನ ಡ್ರೈವರ್ ಸೀಟಿನಲ್ಲಿ ಕೂತ. ಮಗ ಹಿಂದೆ ಮಂಡಿಯೂರಿ ಟ್ಯಾಂಕಿಗೆ ಬರುವ ವೈರು ಬಿಚ್ಚಿ ಗಾಳಿಯಲ್ಲಿ ಹಿಡಿದ.

"ಎಲ್ಲಿದೆ?" ಎಂದ. ಅಪ್ಪ ಸತ್ತ ದಿನದ ಅಂಗಳದ ಮಾತಾದ ಮೇಲೆ ಅವನು ಚಿಕ್ಕಪ್ಪನ ಜೊತೆ ಆಡಿದ ಮೊದಲ ಮಾತು ಅದು.

"ಪೂರ್ತಿ ಮೇಲೆ."

ವೈರಿನ ತುದಿಯನ್ನು ಕಾರಿನ ಮೈಗೆ ಮುಟ್ಟಿಸಿದ. "ಈಗ?"

"ಪೂರ್ತಿ ಕೆಳಗೆ."

"ಈಗ?"

"ಮೇಲೆ."

ಹಾಗಾದರೆ ಮುಳ್ಳೂ ಸರಿಯಿದೆ, ವೈರೂ ಸರಿಯಿದೆ, ರೋಗ ಟ್ಯಾಂಕಿನೊಳಗೆ ಎಂದು ಮಗ ನೆಲಕ್ಕೆ ಹೇಳುವವನ ಹಾಗೆ ಹೇಳಿದ. ಬ್ಯಾಟರಿ ಬಿಚ್ಚಿಟ್ಟ. ಸುತ್ತಲಿನ ಸ್ಕ್ರೂಗಳನ್ನು ತೆಗೆದು, ಆ ಕಡ್ಡಿ, ಬುರುಡೆ, ಪಟ್ಟಿ ಎಲ್ಲವನ್ನೂ ಒಟ್ಟಿಗೆ ಮೇಲೆತ್ತಿದ. ಅಂಗಡಿಯ ತುಂಬ ಪೆಟ್ರೋಲಿನ ವಾಸನೆ. ಅದನ್ನು ಬೆಂಚಿನ ಮೇಲಿಟ್ಟು ಕರೆಂಟು ನೋಡುವ ಮೀಟರಿನ ಎರಡು ವೈರು ತಾಗಿಸಿ, ಬುರುಡೆಯನ್ನು ಬೆರಳಿನಿಂದ ನಿಧಾನವಾಗಿ ಇಳಿಸತೊಡಗಿದ. ಮೇಲಿನಿಂದ ಅರ್ಧದವರೆಗೆ ಮೀಟರು ನಯವಾಗಿ ಇಳಿಯಿತು. ಅರ್ಧದಿಂದ ಕೆಳಗೂ ಸ್ವಲ್ಪ ಇಳಿಯಿತು. ಆಮೇಲೆ ಒಮ್ಮೆಲೇ ಸತ್ತುಹೋಯಿತು. ಬೆರಳು ಅಲುಗಿಸಿದರೆ ಒಮ್ಮೆ ಜೀವ ಬರುವುದು, ಒಮ್ಮೆ ಹೋಗುವುದು. ಅದೇ ಜಾಗದಲ್ಲಿ ಮಗ ಮತ್ತೆ ಮತ್ತೆ ಬುರುಡೆ ಏರಿಸಿ ಇಳಿಸಿದ. ನಾನು ಇದರಲ್ಲಿ ಏನೂ ಓದಿದವಳಲ್ಲ, ಆದರೂ ನನಗೆ ಅರ್ಥವಾಯಿತು. ವೈರು ಬಿಟ್ಟುಕೊಂಡರೆ ಮುಳ್ಳು ಮೇಲೇರುತ್ತದೆ ಎಂದು ಈಗಷ್ಟೇ ಕೇಳಿದ್ದೆನಲ್ಲ. ಆ ದಿನ ಸೇತುವೆಯ ಮೇಲೆ ಟ್ಯಾಂಕು ಒಣಗಿದಾಗ ಒಳಗೆ ನಾಲಿಗೆ ಬಿಟ್ಟುಕೊಂಡಿತ್ತು. ಬಿಟ್ಟಾಗ ಏರುತ್ತ, ತಾಗಿದಾಗ ಇಳಿಯುತ್ತ ಮುಳ್ಳು ನಡುವೆ ತೂಗಾಡಿತ್ತು. ಅರ್ಧಕ್ಕಿಂತ ಮೇಲೆ.

ಮೈದುನ ನೋಡಿದ್ದು ನಿಜವಾಗಿತ್ತು.

ಮಗ ಎದ್ದು ಚಿಕ್ಕಪ್ಪನ ಕೈ ಹಿಡಿಯುತ್ತಾನೆ ಎಂದುಕೊಂಡೆ. ಅವನು ಏಳಲಿಲ್ಲ. ಆ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದ. ಮೈದುನ ಬಂದು ಪಕ್ಕದಲ್ಲಿ ನಿಂತು, ಏನಾಗಿದೆ ಎಂದ.

ಮಗ ತೋರಿಸಿದ. ಕೂದಲಿನಂಥ ಆ ತಂತಿ ಕೆಳಗಿನ ಭಾಗದಲ್ಲಿ ಸವೆದು ಹರಿದು, ಕಡಿದ ಹಗ್ಗದ ಎಳೆಗಳ ಹಾಗೆ ಬಿಟ್ಟುಕೊಂಡಿತ್ತು. ತೊಟ್ಟುತೊಟ್ಟೇ ಪೆಟ್ರೋಲ್ ಹಾಕಿಸುವ ಗಾಡಿ, ನಾಲಿಗೆ ಯಾವಾಗಲೂ ಓಡಾಡಿದ್ದು ಆ ಕೆಳಭಾಗದಲ್ಲೇ. "ನಾಲಿಗೆ ಗಟ್ಟಿಯಾಗಿ ಒತ್ತಲಿ ಅಂತ ನಾನೇ ಬಗ್ಗಿಸಿದೆ. ಅದು ಜಾಸ್ತಿ ಒತ್ತಿ ಒತ್ತಿ ತಂತೀನ ಕೊಯ್ದು ಹಾಕಿದೆ. ನೋಡು, ನಾಲಿಗೆ ಮೇಲೆ ಇದು ನನ್ನ ಇಕ್ಕಳದ ಗುರುತು."

ಮೈದುನ ಅದನ್ನು ಅವನ ಕೈಯಿಂದ ತೆಗೆದುಕೊಂಡ. ಒಂದು ಸಲ ನೋಡಿ ಬೆಂಚಿನ ಮೇಲೆ ಮಗುಚಿಟ್ಟ. ಹಳೇ ಗಾಡಿ, ಸವೆಯದೆ ಏನು ಮಾಡುತ್ತದೆ, ಬಿಡು ಎಂದ.

"ಇಷ್ಟು ವರ್ಷ ಕೋಲು ಹಾಕಿ ನೋಡ್ತಿದ್ದವನು ಯಾಕೆ ಬಿಟ್ಟೆ ಚಿಕ್ಕಪ್ಪ? ಒಂದೇ ಒಂದು ಸಲ ಹಾಕಿ ನೋಡಿದ್ರೆ?"

ಮೈದುನ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ, ಹೇಳಬೇಡಿ ಎಂಬ ಹಾಗೆ. ಮಗನೂ ನನ್ನ ಕಡೆ ತಿರುಗಿದ. ನಾನು ಜೀವಮಾನದಲ್ಲಿ ಇನ್ನೊಬ್ಬರ ಮಾತು ಕೇಳಿದ್ದೇ ಹೆಚ್ಚು, ಆಡಿದ್ದು ಕಡಿಮೆ. ಆದರೆ ಅಷ್ಟು ತಿಂಗಳು ಸುಳ್ಳುಗಾರ ಎನಿಸಿಕೊಂಡು ತಲೆ ತಗ್ಗಿಸಿ ಬದುಕಿದವನ ವಿಷಯದಲ್ಲಿ ಇನ್ನೂ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗಲಿಲ್ಲ.

"ನಿನ್ನ ಅಂಗಡಿಗೆ ಜನ ಬರ್ಲಿ ಅಂತ ಬಿಟ್ಟ ಕಣಪ್ಪ," ಎಂದೆ. "ನೀನು ಮಾಡಿದ ಕೆಲಸಕ್ಕೆ ಅವನೇ ಕೋಲು ಹಾಕಿ ನೋಡಿದ್ರೆ ಬೀದಿಯವರು ನಿನ್ನನ್ನ ನಂಬಲ್ಲ ಅಂತ."

ಮಗ ಅಳಲಿಲ್ಲ. ಬೆಂಚಿನ ಮೇಲಿದ್ದ ಇಕ್ಕಳ, ಮೀಟರು ಎಲ್ಲವನ್ನೂ ಒಂದೊಂದೇ ಎತ್ತಿ ಅವುಗಳ ಜಾಗದಲ್ಲಿಟ್ಟ. ಕೈ ಒರೆಸಿಕೊಂಡ. ತಂದಿದ್ದ ಊಟ ಮುಟ್ಟದೆ, ತಂತಿ ಹರಿದ ಆ ಪಟ್ಟಿಯನ್ನೂ ನಾಲಿಗೆಯನ್ನೂ ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ನನ್ನ ನಾದಿನಿಯ ಮನೆಗೆ ಹೊರಟ. ಅಂಗಳದಲ್ಲಿ ಎಲ್ಲರ ಮುಂದೆ ಆಡಿದ ಮಾತನ್ನು ಮನೆಮನೆಗೆ ಹೋಗಿ ವಾಪಸು ತೆಗೆದುಕೊಳ್ಳುತ್ತೇನೆ ಎಂದ. ಮೈದುನ ಹಿಂದೆಯೇ ಹೋಗಿ ಬಾಗಿಲಲ್ಲಿ ತಡೆದ. ನನ್ನ ಬಾಡಿಗೆ ಹೋಗಿದ್ದು ಹೋಯಿತು, ಈಗ ನೀನು ಹೋಗಿ ಹೇಳಿ ಅಂಗಡಿಗೂ ಕಲ್ಲು ಹಾಕಿಕೊಳ್ಳಬೇಡ, ಅಣ್ಣ ಏನು ಎದ್ದು ಬರುತ್ತಾನಾ ಎಂದ. ಮಗ ಅವನ ಕೈ ಸರಿಸಿ ಹೋದ.

ಹೋದವನು ಹೇಳಿದ. ಪಟ್ಟಿ ತೋರಿಸಿ, ನಾಲಿಗೆ ತೋರಿಸಿ, ಇಕ್ಕಳದ ಗುರುತು ತೋರಿಸಿ ಹೇಳಿದ. ನಾದಿನಿ ಎಲ್ಲವನ್ನೂ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ಆಮೇಲೆ ನನ್ನ ಮನೆಗೆ ಬಂದು, ನಿನ್ನ ಹೊಟ್ಟೆ ತಂಪಾಗಿರಲಿ, ಎಂಥ ಮಗನನ್ನು ಹೆತ್ತಿದ್ದೀಯೆ ಎಂದಳು. ಚಿಕ್ಕಪ್ಪನ ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಂಡು ಓಡಾಡುತ್ತಿದ್ದಾನೆ, ಅಪ್ಪನನ್ನು ಕಳೆದುಕೊಂಡವನಿಗೆ ಇಷ್ಟು ದೊಡ್ಡ ಮನಸ್ಸೇ ಎಂದಳು. ಹಾಗಲ್ಲ, ಅವನು ಹೇಳಿದ್ದೇ ನಿಜ, ನಾನೇ ಕಣ್ಣಾರೆ ನೋಡಿದೆ ಎಂದೆ. ನೀನೂ ಹೊಟ್ಟೆಗೆ ಹಾಕಿಕೊಂಡುಬಿಟ್ಟೆಯಲ್ಲ, ನಿಮ್ಮ ಮನೆಯವರ ಗುಣವೇ ಅದು ಎಂದಳು.

ಟೇಲರೂ ಅದನ್ನೇ ಹೇಳಿದ, ಸ್ಟ್ಯಾಂಡಿನ ಡ್ರೈವರುಗಳೂ ಅದನ್ನೇ ಹೇಳಿದರು. ಸವೆದ ತಂತಿ ನೋಡಿ ಅವರಿಗೇನು ತಿಳಿಯಬೇಕು? ಅವರಿಗೆ ಗೊತ್ತಿದ್ದದ್ದು, ಒಂದು ಡಬ್ಬ ಸುರಿದ ಕೂಡಲೇ ಗಾಡಿ ಹೊರಟಿತು ಎಂಬುದು ಒಂದೇ. ಮಗ ಹೇಳಿದಷ್ಟೂ ಅವನ ಹೆಸರು ಏರಿತು, ಮೈದುನನದು ಇಳಿಯಿತು. ಇಂಥ ಹುಡುಗನ ಮುಂದೆ ನಿಂತು ಸುಳ್ಳು ಹೇಳಿದನಲ್ಲ ಎಂದು ಹೊಸದಾಗಿ ಬೈದರು. ಇಷ್ಟು ಒಳ್ಳೆಯವನ ಅಂಗಡಿ ಎಂದು ಹುಡುಕಿಕೊಂಡು ಬರುವವರಾದರು. ಮಗ ಟ್ಯಾಂಕಿನ ಕೆಲಸ ಮಾಡುವುದಿಲ್ಲ ಎಂದು ವಾಪಸು ಕಳಿಸುತ್ತಿದ್ದ. ಯಾಕೆ ಎಂದು ಕೇಳಿದವರಿಗೆ ಯಾಕೆಂದು ಹೇಳುತ್ತಿದ್ದ. ಅವರು ಅವನ ಬೆನ್ನು ತಟ್ಟಿ ಹೋಗುತ್ತಿದ್ದರು.

ಗುಜರಿಯಿಂದ ಬೇರೊಂದು ಪಟ್ಟಿ ತಂದು ಹಾಕಿಸಿ ಕಾರನ್ನು ಮಾರಿದ್ದಾಯಿತು. ಮೈದುನ ಮರದ ಡಿಪೋದಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿದ. ಊಟಕ್ಕೆ ಮತ್ತೆ ಒಳಗೆ ಬಂದ, ಮಗನ ಪಕ್ಕದಲ್ಲಿ ಕೂತ. ಮಗ ಅವನ ತಟ್ಟೆಗೆ ತಾನೇ ಬಡಿಸುತ್ತಿದ್ದ. ಹೊರಗಿನಿಂದ ನೋಡಿದರೆ ಎಲ್ಲ ಸರಿಹೋಯಿತು ಎನ್ನಬೇಕು. ಆದರೆ ಅವರಿಬ್ಬರ ನಡುವೆ ಮೊದಲಿನ ಹುಡುಗಾಟ ಬರಲೇ ಇಲ್ಲ. ಯಾರಾದರೂ ಮನೆಗೆ ಬಂದು ಮಗನನ್ನು ಹೊಗಳಿದರೆ ಮೈದುನ, ಹೌದು, ನಮ್ಮ ಮರಿ ಬಂಗಾರ ಎನ್ನುತ್ತಿದ್ದ. ಮಗ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದ. ನೀನಾದರೂ ಬಾಯಿ ಬಿಟ್ಟು ಅವರಿಗೆ ನಿಜ ಹೇಳಬಾರದಾ ಎಂದು ಒಮ್ಮೆ ಗದರಿದೆ. ನಾನು ಹೇಳಿದರೆ ನಂಬುತ್ತಾರಾ ಅತ್ತಿಗೆ, ಅವನು ಹೇಳಿದರೇ ನಂಬುತ್ತಿಲ್ಲ ಎಂದು ನಕ್ಕ. ಅವನು ನಕ್ಕದ್ದು ನಾನು ಕೊನೆಯ ಸಲ ನೋಡಿದ್ದು ಆಗಲೇ ಇರಬೇಕು.

ಹೋದ ಚಳಿಯಲ್ಲಿ ಎದೆಗೆ ಕಫ ಕಟ್ಟಿ ಮಲಗಿದವನು ಏಳಲಿಲ್ಲ. ಬೆಳಿಗ್ಗೆ ಹೋದ. ಅಂಗಳದಲ್ಲಿ ಜನ ಸೇರಿದರು. ಬಂದವರು ಸತ್ತವನ ವಿಷಯ ಏನಾದರೂ ಮಾತಾಡಬೇಕಲ್ಲ, ಮೂಲೆಯಲ್ಲಿ ಯಾರೋ ಹೊಸಬರಿಗೆ ಹೇಳುತ್ತಿದ್ದರು, ಅಣ್ಣನನ್ನು ಸೇತುವೆಯ ಮೇಲೆ ಬಿಟ್ಟವನು ಇವನೇ ಎಂದು. ಚಿಕ್ಕಪ್ಪನ ಕಾಲ ಬುಡದಲ್ಲಿ ಕೂತಿದ್ದ ಮಗ ಎದ್ದು ನಿಂತ. ಮತ್ತೊಮ್ಮೆ ಮೊದಲಿನಿಂದ ಎಲ್ಲ ಹೇಳಿದ. ನಾಲಿಗೆ ಬಗ್ಗಿಸಿದ್ದು ತಾನು, ತಂತಿ ಹರಿದದ್ದು ಅದರಿಂದ, ಕೋಲು ಬಿಟ್ಟದ್ದು ತನಗಾಗಿ, ಚಿಕ್ಕಪ್ಪ ಒಂದು ಸುಳ್ಳೂ ಹೇಳಲಿಲ್ಲ ಎಂದ. ದನಿ ಒಡೆಯಿತು. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಒಬ್ಬರೂ ಎದುರಾಡಲಿಲ್ಲ.

ಟೇಲರ್ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಸಾಕು ಬಿಡಪ್ಪ," ಎಂದ. "ಹೋದವನ ಮಾನ ಉಳಿಸಬೇಕು ಅಂತ ಒದ್ದಾಡ್ತಿದ್ದೀಯ. ನಮಗೆ ಅರ್ಥ ಆಗಲ್ವಾ?"

ಮಗ ನನ್ನ ಮುಖ ನೋಡಿದ, ಅಲ್ಲೇ ನೆಲದ ಮೇಲೆ ಕೂತ. ಟೇಲರ್ ಅವನ ಬೆನ್ನು ಸವರುತ್ತಲೇ ಇದ್ದ.